ನೆಲ ನೋಡಿ ಹೊರೆ ಎತ್ತಬೇಕು

ಸಾಮಾನ್ಯ ಫೋರ್ಕ್‌ಲಿಫ್ಟ್ ಗೋದಾಮಿನ ಕಾಂಕ್ರೀಟ್ ನೆಲಕ್ಕಾಗಿ ಹುಟ್ಟಿದ ಯಂತ್ರ. ಅದನ್ನು ನಿರ್ಮಾಣ ಸೈಟಿನ ಹಳ್ಳದಿಣ್ಣೆಗೆ ಇಳಿಸಿದಾಗ ಫಲಕದ ಮೇಲೆ ಬರೆದ ಟನ್ನಿನ ಲೆಕ್ಕವನ್ನಷ್ಟೇ ನಂಬುವಂತಿಲ್ಲ.

ಪಾವಗಡದ ಸೌರ ಪಾರ್ಕನ್ನೇ ನೋಡಬಹುದು. ತಿರುಮಣಿ, ವಳ್ಳೂರು ಸುತ್ತಲಿನ ಸುಮಾರು 13,000 ಎಕರೆಯಲ್ಲಿ ಹರಡಿರುವ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಒಂದು ಪ್ಯಾನೆಲ್‌ಗೆ 325 ವ್ಯಾಟ್ ಎಂದು ಹಿಡಿದರೂ ಹೊಲಗಳಿಗೆ ಬಂದಿಳಿದದ್ದು 60 ಲಕ್ಷಕ್ಕೂ ಹೆಚ್ಚು ಪ್ಯಾನೆಲ್‌ಗಳು.

ಇಂಥ ಪ್ಯಾನೆಲ್‌ಗಳ ಒಂದು ಪ್ಯಾಲೆಟ್ ಮುಕ್ಕಾಲು ಟನ್ ತೂಗಬಹುದು. ಮೂರು ಟನ್ನಿನ ಯಂತ್ರಕ್ಕೆ ಅದು ಹಗುರವೆಂದು ಕಾಣುತ್ತದೆ. ಆದರೆ ಆ ಮೂರು ಟನ್, ಹೊರೆಯ ಭಾರಕೇಂದ್ರ ಫೋರ್ಕಿನ ಬುಡದಿಂದ ಸಾಮಾನ್ಯವಾಗಿ 500 ಮಿಲಿಮೀಟರ್ ದೂರದಲ್ಲಿದ್ದಾಗಿನ ಮಾತು. ಎರಡು ಮೀಟರ್ ಉದ್ದದ ಪ್ಯಾಲೆಟ್ಟನ್ನು ಕಿರಿದಾದ ಬದಿಯಿಂದ ಎತ್ತಿದರೆ ಆ ದೂರ ಇಮ್ಮಡಿಯಾಗಿ, ಸಾಮರ್ಥ್ಯ ಎರಡು ಟನ್ನಿನ ಆಸುಪಾಸಿಗೆ ಇಳಿಯುತ್ತದೆ. ಫೋರ್ಕನ್ನು ಎತ್ತುವ ಕಂಬ, ಅಂದರೆ ಮಾಸ್ಟ್, ಮೇಲೇರಿದಷ್ಟೂ ಇನ್ನೂ ಕುಗ್ಗುತ್ತದೆ.

ಯಂತ್ರದ ಸ್ಥಿರತೆ ನಿಂತಿರುವುದು ಮೂರು ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರ, ಹಿಂದಿನ ಆಕ್ಸಲ್‌ನ ನಡುಮಧ್ಯ. ಈ ತ್ರಿಕೋನದಿಂದ ಭಾರಕೇಂದ್ರ ಹೊರಬಿದ್ದರೆ ಯಂತ್ರ ಮಗುಚುತ್ತದೆ. ಹೊರೆ ಮೇಲೆತ್ತಿಕೊಂಡೇ ಓಡಿಸುವಾಗ ಒಂದು ಚಕ್ರ ಕೇಬಲ್ ಹೂಳಿದ ಸಡಿಲ ಮಣ್ಣಿಗೆ ಇಳಿದರೂ ಸಾಕು. ಆದ್ದರಿಂದ ಸಾಗುವಾಗ ಹೊರೆ ನೆಲದಿಂದ 15–20 ಸೆಂಟಿಮೀಟರ್ ಎತ್ತರದಲ್ಲಿ, ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಮಳೆ ಬಿದ್ದ ಮರುದಿನ ದಾರಿಯನ್ನು ಮೊದಲು ನಡೆದು ನೋಡುವುದೇ ಸರಿ. ಇಂಥ ನೆಲಕ್ಕೆ ದೊಡ್ಡ ಟೈರಿನ, ಒರಟು ನೆಲಕ್ಕೆಂದೇ ಮಾಡಿದ ಯಂತ್ರವನ್ನು ತರಿಸಬೇಕು. ಬಾಡಿಗೆ ಉಳಿಸಲು ಗೋದಾಮಿನ ಯಂತ್ರ ತರುವುದು ಜೀವದ ಜೊತೆ ಮಾಡುವ ಚೌಕಾಶಿ.

ಮಧುಗಿರಿ, ಕೊರಟಗೆರೆಯ ಬೆಟ್ಟದ ಬುಡದ ಸೈಟುಗಳಲ್ಲಿ ಇಳಿಜಾರೇ ದೊಡ್ಡ ಅಪಾಯ. ಹೊರೆ ಇದ್ದಾಗ ಅದು ಸದಾ ಏರಿನ ಕಡೆಗಿರಬೇಕು: ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಇಳಿಜಾರಿನಲ್ಲಿ ತಿರುಗಿಸಲೇಬಾರದು. ಶಿರಾದ ಹೆದ್ದಾರಿ ಬದಿಯ ಸಮತಟ್ಟು ಜಾಗಗಳಲ್ಲಿ ಲಾರಿ ಮತ್ತು ಜನರ ಓಡಾಟದ ಮೇಲೆ ಕಣ್ಣಿಡಬೇಕು. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರಗಳಿಂದ. ಹಿಂಭಾಗ ಹೊರಕ್ಕೆ ಬೀಸಿ ಪಕ್ಕದಲ್ಲಿ ನಿಂತ ಹೆಲ್ಪರ್‌ಗೆ ಬಡಿಯುತ್ತದೆ. ಹೊರೆ ಕಣ್ಣಿಗೆ ಅಡ್ಡವಾದರೆ ರಿವರ್ಸಿನಲ್ಲೇ ಸಾಗಬೇಕು, ಸನ್ನೆ ಕೊಡಲು ಒಬ್ಬನೇ ಇರಬೇಕು. ಫೋರ್ಕಿನ ಮೇಲೆ ಆಳನ್ನು ನಿಲ್ಲಿಸಿ ಎತ್ತುವುದು, ವಾಲುವ ಹೊರೆಗೆ ಕೈಕೊಟ್ಟು ಹಿಡಿಸುವುದು ನಮ್ಮಲ್ಲಿ ಮಾಮೂಲಿಯಾಗಿಬಿಟ್ಟಿದೆ, ಎರಡನ್ನೂ ನಿಲ್ಲಿಸಬೇಕು.

ಯಂತ್ರ ಮಗುಚತೊಡಗಿದರೆ ಆಪರೇಟರ್ ಹೊರಕ್ಕೆ ಹಾರುತ್ತಾನೆ. ಅದು ಸಹಜ, ಆದರೆ ತಲೆಯ ಮೇಲಿನ ಕಂಬಿಚೌಕಟ್ಟು ಅವನ ಮೇಲೆಯೇ ಬೀಳುತ್ತದೆ. ಸೀಟಿನಲ್ಲೇ ಉಳಿದು, ಸ್ಟೀರಿಂಗ್ ಬಿಗಿ ಹಿಡಿದು, ಕಾಲೂರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು. ಸೀಟ್ ಬೆಲ್ಟ್ ಕಟ್ಟಿದವನಿಗೆ ಮಾತ್ರ ಇದು ಸಾಧ್ಯ. ಸೈಟಿನ ಮೇಸ್ತ್ರಿ ಬೆಲ್ಟ್ ನೋಡಿಯೇ ಕೀಲಿ ಕೊಡಲಿ.