ಕಿಟ್ ಬೀರು ಸೇರಬಾರದು ಅಂದ್ರೆ

ನಾನಿರೋದು ಕಾಂದಿವಲಿಯಲ್ಲಿ. ವಿಡಿಯೋದಲ್ಲಿ ಮಾತಾಡಿದ್ದನ್ನೇ ನಿಧಾನವಾಗಿ ಓದೋರಿಗೆ ಅಂತ ಇಲ್ಲಿ ಬರೆದು ಹಾಕ್ತಿದ್ದೀನಿ.

ಊರು ಬಿಟ್ಟು ಐಟಿ ಕೆಲಸಕ್ಕೆ ಬಂದ ನಮ್ಮಲ್ಲಿ ಬಹಳ ಜನಕ್ಕೆ ಒಂದು ಆಸೆ ಇರುತ್ತೆ. ನಾವು ಓದಿದ ಇಂಜಿನಿಯರಿಂಗ್ ಕಾಲೇಜಿಗೆ ಏನಾದ್ರೂ ಮಾಡ್ಬೇಕು, ಎಲ್ಲರೂ ದುಡ್ಡು ಹಾಕಿ ಹತ್ತು ಆರ್ಡುಯಿನೋ ಕಿಟ್ ಕಳಿಸೋಣ ಅಂತ. ಒಳ್ಳೇ ವಿಚಾರ. ಆದ್ರೆ "ಸುಟ್ಟು ಹೋದ್ರೆ ಯಾರು ಹೊಣೆ?" ಅನ್ನೋ ಭಯ ಇದ್ದಲ್ಲಿ ಆ ಕಿಟ್ ಬೀರು ಸೇರುತ್ತೆ. ಹೊರಗೆ ಬರೋದು ಯಾರಾದ್ರೂ ತಪಾಸಣೆಗೆ ಬಂದ ದಿನ.

ಹಾಗಾಗಿ ಕಿಟ್ ವಿನ್ಯಾಸದ ಮೊದಲ ಪ್ರಶ್ನೆ "ಏನೇನು ಹಾಕೋಣ" ಅಲ್ಲ. ವಿದ್ಯಾರ್ಥಿಯ ಯಾವ ತಪ್ಪನ್ನ ತಡೀಬೇಕು, ಯಾವ ತಪ್ಪನ್ನ ಮಾಡೋಕೆ ಬಿಡಬೇಕು ಅನ್ನೋದು.

ತಡೀಬೇಕಾದ ತಪ್ಪು ಅಂದ್ರೆ ಬೋರ್ಡ್ ಸುಡೋ ತಪ್ಪು. ಆರ್ಡುಯಿನೋ ಊನೋದ ಯುಎಸ್‌ಬಿ ದಾರಿಯಲ್ಲಿ 500 ಮಿಲಿಆಂಪಿಯರ್‌ನ ಒಂದು ಫ್ಯೂಸ್ ಇದೆ. ಶಾರ್ಟ್ ಆದ್ರೆ ಕರೆಂಟ್ ತಡೆಯುತ್ತೆ, ತಣ್ಣಗಾದ ಮೇಲೆ ತಾನೇ ಸರಿಹೋಗುತ್ತೆ. ಇನ್ನೊಂದು ಉದಾಹರಣೆ: ದೂರ ಅಳೆಯೋ ಎಚ್‌ಸಿ-ಎಸ್‌ಆರ್‌04 ಸೆನ್ಸರ್ 5 ವೋಲ್ಟ್‌ನಲ್ಲಿ ಉತ್ತರ ಕೊಡುತ್ತೆ, ಇಎಸ್‌ಪಿ32 ಬೋರ್ಡಿನ ಪಿನ್ ಇರೋದು 3.3 ವೋಲ್ಟ್‌ಗೆ. ಇವೆರಡೂ ನಿಮ್ಮ ಕಿಟ್‌ನಲ್ಲಿದ್ರೆ, ವೋಲ್ಟೇಜ್ ಇಳಿಸೋ ಎರಡು ರೆಸಿಸ್ಟರ್‌ಗಳನ್ನ ಮೊದಲೇ ಬೆಸುಗೆ ಹಾಕಿ ಕೊಡಿ. ಎರಡು ಮೂರು ರೂಪಾಯಿ ಕೆಲಸ.

ಬಿಡಬೇಕಾದ ತಪ್ಪು ಯಾವುದು? ಎಲ್‌ಎಂ35 ನೋಡಿ. ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡೋ ಉಷ್ಣತೆ ಸೆನ್ಸರ್. ಕೋಣೆ 30 ಡಿಗ್ರಿ ಇದ್ರೆ 300 ಮಿಲಿವೋಲ್ಟ್. ಊನೋ 5 ವೋಲ್ಟನ್ನ 1024 ಭಾಗ ಮಾಡಿ ಅಳೆಯುತ್ತೆ. ಆದ್ರೆ ಲ್ಯಾಪ್‌ಟಾಪಿನಿಂದ ನಿಜವಾಗಿ ಬರ್ತಿರೋದು 4.7 ವೋಲ್ಟ್ ಆಗಿದ್ರೆ? ಕೋಡ್ ಮಾತ್ರ 5 ಅಂತಲೇ ಲೆಕ್ಕ ಹಾಕಿ ಸುಮಾರು 32 ಡಿಗ್ರಿ ತೋರಿಸುತ್ತೆ. ಕೋಡ್‌ನಲ್ಲಿ ಬಗ್ ಇಲ್ಲ, ಸೆನ್ಸರ್ ಕೆಟ್ಟಿಲ್ಲ, ಉತ್ತರ ಮಾತ್ರ ತಪ್ಪು!

ಈ ಎರಡು ಡಿಗ್ರಿ ವ್ಯತ್ಯಾಸವನ್ನ ಕೈಪಿಡಿಯಲ್ಲಿ ಬಿಡಿಸಿ ಹೇಳಬೇಡಿ. ಕಿಟ್ ಜೊತೆ ಒಂದು ಸಾಮಾನ್ಯ ಥರ್ಮಾಮೀಟರ್, ಒಂದು ಅಗ್ಗದ ಮಲ್ಟಿಮೀಟರ್ ಇಡಿ. "ಎರಡೂ ಯಾಕೆ ಹೊಂದ್ತಿಲ್ಲ?" ಅಂತ ಒಂದೇ ಸಾಲು ಬರೆಯಿರಿ. ಹುಡುಗಿಯೊಬ್ಬಳು 5 ವೋಲ್ಟ್ ಪಿನ್ ಅಳೆದು 4.7 ಕಂಡ ಕ್ಷಣ ಕಲಿತಳು ಅಂತ ಲೆಕ್ಕ. ಆಮೇಲೆ ಯಾವ ಡೇಟಾ ಬಂದ್ರೂ ಅವಳು ಕಣ್ಣು ಮುಚ್ಚಿ ನಂಬಲ್ಲ.

ಇದೇ ಮುಂಬೈಯಲ್ಲಿ, ಪೊವಾಯಿಯ ಐಐಟಿ ಬಾಂಬೆಯಲ್ಲಿ, ಪ್ರೊ. ಕಣ್ಣನ್ ಮೌದ್ಗಲ್ಯ ಅವರ ತಂಡ ಮಾಡಿದ ಸಿಂಗಲ್ ಬೋರ್ಡ್ ಹೀಟರ್ ಸಿಸ್ಟಮ್ ಒಳ್ಳೇ ಮಾದರಿ. ಒಂದು ಉಕ್ಕಿನ ಪಟ್ಟಿ, ಕಾಯಿಸೋಕೆ ಕಾಯಿಲ್, ತಣಿಸೋಕೆ ಫ್ಯಾನ್, ಒಂದು ಸೆನ್ಸರ್, ಒಂದು ಮೈಕ್ರೋಕಂಟ್ರೋಲರ್, ಇಷ್ಟೇ. ಪಟ್ಟಿಯ ಉಷ್ಣತೆಯನ್ನ ಬೇಕಾದಷ್ಟಕ್ಕೆ ನಿಲ್ಲಿಸೋ ಪ್ರೋಗ್ರಾಮನ್ನ ವಿದ್ಯಾರ್ಥಿ ಉಚಿತ ಸೈಲ್ಯಾಬ್‌ನಲ್ಲಿ ಬರೀತಾನೆ. ಇಂಟರ್ನೆಟ್ ಮೂಲಕ ದೂರದ ಊರಿಂದಲೂ ಇದನ್ನ ನಡೆಸೋ ವ್ಯವಸ್ಥೆ ಮಾಡಿದ್ರು. ಭಾಗಗಳು ಕಡಿಮೆ, ಆದ್ರೆ ಲೋಹ ನಿಜವಾಗಿಯೂ ಬಿಸಿಯಾಗುತ್ತೆ, ಪುಸ್ತಕದ ಗ್ರಾಫ್ ಥರ ಹೇಳಿದ ಹಾಗೆ ಕೇಳಲ್ಲ. ಪಾಠ ಇರೋದು ಅಲ್ಲೇ.

ಕಳಿಸೋ ಮುಂಚೆ ಮೂರು ಕೆಲಸ ಮಾಡಿ. ಕಿಟ್ ನೋಡೇ ಇಲ್ಲದ ಒಬ್ಬ ವಿದ್ಯಾರ್ಥಿ ಕೈಗೆ ಕೊಟ್ಟು, ಎಲ್ಲಿ ತಡವರಿಸ್ತಾನೆ ಅಂತ ಸುಮ್ನೆ ಕೂತು ನೋಡಿ. ಲ್ಯಾಮಿಂಗ್ಟನ್ ರೋಡ್ ಆಗಲಿ, ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ಬಿಡಿಯಾಗಿ ಸಿಗೋ ಭಾಗಗಳನ್ನೇ ಹಾಕಿ, ಹೆಚ್ಚುವರಿ ಒಂದು ಸೆಟ್ ಇಡಿ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ "ಸುಟ್ಟರೂ ಪರವಾಗಿಲ್ಲ, ದಂಡ ಇಲ್ಲ" ಅಂತ ಬರೆಸಿ, ಅದನ್ನ ಕಾಲೇಜಿನವರ ಹತ್ರ ಒಪ್ಪಿಸಿ.

ದುಡ್ಡು ಕಮ್ಮಿ ಇದ್ರೆ ಹತ್ತರ ಬದಲು ಐದು ಕಿಟ್ ಕಳಿಸಿ. ಈ ಮಾತು ಮಾತ್ರ ಬಿಡಬೇಡಿ.