ಸಾಲ ಕಂಪನಿಯದು, ಮನೆ ನಿಮ್ಮದು: ಸಣ್ಣ ಉದ್ಯಮಿಗಳಿಗೆ ಒಂದಿಷ್ಟು ಮಾಹಿತಿ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲೂಕುಗಳಲ್ಲಿ ಸಣ್ಣ ಉದ್ಯಮಗಳಿಗೆ ಕೊರತೆಯಿಲ್ಲ. ಆಲೆಮನೆ, ಅಕ್ಕಿ ಗಿರಣಿ, ತೆಂಗಿನ ವ್ಯಾಪಾರ, ಪ್ರವಾಸಿಗರನ್ನು ನಂಬಿದ ಹೋಟೆಲು, ಬಾಡಿಗೆ ವಾಹನ ಹೀಗೆ ಹಲವು. ಸಾಮಾನ್ಯವಾಗಿ ಇವನ್ನು ಒಬ್ಬರ ಹೆಸರಿನಲ್ಲಿ ಅಥವಾ ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿ ನಡೆಸುತ್ತಾರೆ. ವ್ಯಾಪಾರ ಚೆನ್ನಾಗಿರುವ ತನಕ ತೊಂದರೆಯಿಲ್ಲ. ನಷ್ಟವಾದಾಗ ಸಾಲ ಕೊಟ್ಟವರು ಯಾರ ಮನೆ ಬಾಗಿಲಿಗೆ ಬರುತ್ತಾರೆ ಎಂಬುದೇ ಪ್ರಶ್ನೆ.

ಸೀಮಿತ ಹೊಣೆಗಾರಿಕೆ ಎಂದರೇನು?

ಪಾಂಡವಪುರದ ಕಡೆ ಇಬ್ಬರು ಸೇರಿ ಆಲೆಮನೆ ನಡೆಸುತ್ತಾರೆ ಎಂದಿಟ್ಟುಕೊಳ್ಳಿ. ರೈತರಿಂದ ಕಬ್ಬನ್ನು ಸಾಲಕ್ಕೆ ಪಡೆದು, ಬೆಲ್ಲ ಮಾರಿದ ಮೇಲೆ ಹಣ ಕೊಡುತ್ತಾರೆ. ಬೆಲ್ಲದ ದರ ಕುಸಿದು 12 ಲಕ್ಷ ರೂಪಾಯಿ ಬಾಕಿ ಉಳಿಯಿತು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಪಾಲುದಾರನೂ ಇಡೀ ಸಾಲಕ್ಕೆ ಹೊಣೆ. ಒಬ್ಬನ ಕೈ ಬರಿದಾಗಿದ್ದರೆ ಇನ್ನೊಬ್ಬನು ತನ್ನ ಸ್ವಂತ ಆಸ್ತಿಯಿಂದಲಾದರೂ ಪೂರ್ತಿ ಹಣ ತೀರಿಸಬೇಕು.

ಅದೇ ಉದ್ಯಮ ಕಂಪನಿಯಾಗಿದ್ದರೆ, ಕಾಯಿದೆಯ ಕಣ್ಣಿಗೆ ಕಂಪನಿ ಒಬ್ಬ ಬೇರೆಯೇ ವ್ಯಕ್ತಿ. ಸಾಲ ಕಂಪನಿಯದು. ತನ್ನ ಷೇರಿನ ಹಣವನ್ನು ಪೂರ್ತಿ ಕಟ್ಟಿದ ಷೇರುದಾರ ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಕಂಪನಿ ಎಂಬುದು ಈ ಜಿಲ್ಲೆಗೆ ಹೊಸದೂ ಅಲ್ಲ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲೇ ಸ್ಥಾಪನೆಯಾಯಿತು.

ಯಾವುದು ಯಾರಿಗೆ?

1. ಏಕವ್ಯಕ್ತಿ ಕಂಪನಿ: 2013ರ ಕಂಪನಿ ಕಾಯಿದೆಯಿಂದ ಬಂದದ್ದು. ಒಬ್ಬರೇ ಸದಸ್ಯರು. ಅವರ ಕಾಲಾನಂತರ ಆ ಸ್ಥಾನಕ್ಕೆ ಬರುವವರ ಹೆಸರನ್ನು ಮೊದಲೇ ನಮೂದಿಸಬೇಕು.

2. ಪ್ರೈವೇಟ್ ಲಿಮಿಟೆಡ್ ಕಂಪನಿ: ಕನಿಷ್ಠ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು. ಅವರೇ ಎರಡೂ ಆಗಬಹುದು. 2015ರ ತಿದ್ದುಪಡಿಯ ನಂತರ ಕನಿಷ್ಠ ಬಂಡವಾಳದ ನಿಯಮವಿಲ್ಲ.

3. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ (ಎಲ್.ಎಲ್.ಪಿ.): 2008ರ ಕಾಯಿದೆಯಂತೆ ಕನಿಷ್ಠ ಇಬ್ಬರು ಪಾಲುದಾರರು. ವಹಿವಾಟು 40 ಲಕ್ಷ ಹಾಗೂ ಬಂಡವಾಳ 25 ಲಕ್ಷ ರೂಪಾಯಿ ಮೀರದಿದ್ದರೆ ಈ ಕಾಯಿದೆಯಡಿ ಲೆಕ್ಕಪರಿಶೋಧನೆ ಕಡ್ಡಾಯವಲ್ಲ. ಆದ್ದರಿಂದ ಸಣ್ಣವರಿಗೆ ಖರ್ಚು ಕಡಿಮೆ.

4. ಉತ್ಪಾದಕರ ಕಂಪನಿ: ಹತ್ತು ಅಥವಾ ಹೆಚ್ಚು ಮಂದಿ ರೈತರು ಸೇರಿ ಬೆಳೆ ಮಾರುವುದಾದರೆ ಇದು ಸೂಕ್ತ.

ನೋಂದಣಿ ಹೇಗೆ?

ಅರ್ಜಿಯನ್ನು ಕೇಂದ್ರ ಸರಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಅಂತರ್ಜಾಲ ತಾಣದಲ್ಲೇ ಸಲ್ಲಿಸಬೇಕು. ಪಾನ್, ಆಧಾರ್, ಕಚೇರಿಯ ವಿಳಾಸದ ದಾಖಲೆ ಹಾಗೂ ಡಿಜಿಟಲ್ ಸಹಿ ಬೇಕು. ಕಂಪನಿಗಳಿಗೆ 2020ರಿಂದ ‘ಸ್ಪೈಸ್ ಪ್ಲಸ್’ ಎಂಬ ಅರ್ಜಿಯಿದೆ. ಹೆಸರು, ನೋಂದಣಿ, ಕಂಪನಿಯ ಪಾನ್ ಎಲ್ಲವೂ ಅದರಲ್ಲೇ ಸೇರಿವೆ. ಮಂಡ್ಯ ಅಥವಾ ಮೈಸೂರಿನ ಲೆಕ್ಕಪರಿಶೋಧಕರ ನೆರವು ಪಡೆಯುವುದು ಒಳಿತು. ಅವರ ಶುಲ್ಕವನ್ನು, ಮುಂದೆ ವರ್ಷವೂ ತಗಲುವ ಖರ್ಚನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಎಚ್ಚರ ಎಲ್ಲಿ?

ಬ್ಯಾಂಕು ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುವುದುಂಟು. ಅದಕ್ಕೆ ಸಹಿ ಹಾಕಿದರೆ ಆ ಸಾಲದ ಮಟ್ಟಿಗೆ ನಿಮಗೆ ರಕ್ಷಣೆಯಿಲ್ಲ. ಸಹಿಗೆ ಮುನ್ನ ಮನೆಯವರೊಡನೆ ಕುಳಿತು ಓದಿ.

ಕಂಪನಿಯ ಹಣವನ್ನು ಮನೆಯ ಹಣದೊಂದಿಗೆ ಬೆರೆಸಬೇಡಿ. ಮದುವೆ, ಶಾಲೆ, ಆಸ್ಪತ್ರೆ ಖರ್ಚಿಗೆ ಕಂಪನಿಯ ಖಾತೆಗೆ ಕೈ ಹಾಕಬಾರದು. ಸಂಬಳ ಅಥವಾ ಲಾಭಾಂಶವೆಂದು ಕ್ರಮವಾಗಿ ಪಡೆಯಿರಿ.

ವ್ಯಾಪಾರ ನಡೆಯಲಿ, ನಡೆಯದಿರಲಿ, ಕಂಪನಿಯ ವಾರ್ಷಿಕ ಲೆಕ್ಕ ಸಲ್ಲಿಸಲೇಬೇಕು. ತಡವಾದರೆ ಪ್ರತಿ ಅರ್ಜಿಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ.

ಕೊನೆಯದಾಗಿ, ಇದು ಬಾಕಿ ತಪ್ಪಿಸಿಕೊಳ್ಳುವ ದಾರಿಯಲ್ಲ. ಹೆಸರಿನ ಕೊನೆಯ ‘ಲಿಮಿಟೆಡ್’ ಎಂಬ ಪದ, ಸಾಲ ಕೊಡುವವರಿಗೆ ಕಾಯಿದೆ ನೀಡಿದ ಮುನ್ಸೂಚನೆ. ಮೋಸದ ಉದ್ದೇಶ ಸಾಬೀತಾದರೆ ನಡೆಸಿದವರನ್ನೇ ಸಾಲಕ್ಕೆ ಹೊಣೆಯಾಗಿಸಲು ಕಾಯಿದೆಯಲ್ಲಿ ಅವಕಾಶವಿದೆ. ಕಬ್ಬು ಕೊಟ್ಟ ರೈತನಿಗೂ ಒಂದು ಮನೆಯಿದೆ. ಪ್ರಾಮಾಣಿಕವಾಗಿ ದುಡಿದೂ ನಷ್ಟ ಕಂಡವನ ಕುಟುಂಬ ಬೀದಿಗೆ ಬೀಳಬಾರದು ಎಂಬುದಕ್ಕಾಗಿಯೇ ಈ ವ್ಯವಸ್ಥೆ.