ನಿಮಗಿದು ಗೊತ್ತೆ? ಗೀಳು ಕಾಯಿಲೆಯವರ ಮಿದುಳಿನಲ್ಲಿ ಏನು ನಡೆಯುತ್ತದೆ?

ಬೀಗ ಹಾಕಿದ್ದು ಚೆನ್ನಾಗಿಯೇ ನೆನಪಿರುತ್ತದೆ. ಆದರೂ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಾರೆ, ಮತ್ತೊಮ್ಮೆ, ಮಗದೊಮ್ಮೆ. ಒಸಿಡಿ ಎಂದು ಕರೆಯುವ ಈ ಗೀಳು ಕಾಯಿಲೆ ಇದ್ದವರಿಗೆ ಬುದ್ಧಿ ಕಡಿಮೆ ಎಂದುಕೊಳ್ಳುವುದು ಶುದ್ಧ ತಪ್ಪು. ತೊಡಕಿರುವುದು ಹಣೆಯ ಹಿಂದಿನ ಮಿದುಳಿನ ಭಾಗವನ್ನು ಆಳದಲ್ಲಿರುವ ಕಾಡೇಟ್ ಮತ್ತು ಥಲಾಮಸ್‌ಗಳಿಗೆ ಬೆಸೆಯುವ ನರಜಾಲದಲ್ಲಿ. ಹಾಗಾಗಿ ಶುರುವಾದ ಕ್ರಿಯೆಯನ್ನು ತಡೆಯುವುದು, ಒಂದು ಯೋಚನೆ ಬಿಟ್ಟು ಇನ್ನೊಂದಕ್ಕೆ ಹೊರಳುವುದು ಹಲವರಿಗೆ ತುಸು ಕಷ್ಟ. ಮಿದುಳಿನ ರಚನೆಯಲ್ಲಿ ಕಾಣುವ ವ್ಯತ್ಯಾಸ ಮಾತ್ರ ತೀರಾ ಸಣ್ಣದು. ಬರೀ ಸ್ಕ್ಯಾನ್ ನೋಡಿ ಕಾಯಿಲೆ ಪತ್ತೆ ಮಾಡಲಾಗದು.

1992ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೂಯಿಸ್ ಬ್ಯಾಕ್ಸ್‌ಟರ್ ತಂಡ ಅಚ್ಚರಿಯ ಸಂಗತಿಯೊಂದನ್ನು ಪ್ರಕಟಿಸಿತು. ಚಿಕಿತ್ಸೆಯಿಂದ ಸುಧಾರಿಸಿದವರ ಬಲ ಕಾಡೇಟ್‌ನಲ್ಲಿ ಗ್ಲೂಕೋಸ್ ಬಳಕೆ ಇಳಿದಿತ್ತು. ಮಾತ್ರೆ ತೆಗೆದುಕೊಂಡವರಲ್ಲಷ್ಟೇ ಅಲ್ಲ, ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆ ಪಡೆದವರಲ್ಲೂ! ಅಂದರೆ ಅಭ್ಯಾಸ ಬದಲಿಸಿದರೆ ಮಿದುಳಿನ ಕೆಲಸವೂ ಬದಲಾಗುತ್ತದೆ.

ಮನೆಯಲ್ಲಿ ಯಾರಾದರೂ ಹೀಗೆ ಒದ್ದಾಡುತ್ತಿದ್ದರೆ ದಯವಿಟ್ಟು ಗದರಬೇಡಿ, ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.